ನಳಿಗೆ ಕೊಳ್ಳುವ ಮುಂಚೆ ಗುಂಡು ಆರಿಸಿಕೊಳ್ಳಿ

"ಬ್ಯಾರೆಲ್ ಹೋಯ್ತು, ಯಾವ ಕಂಪನೀದು ಹಾಕಿಸ್ಲಿ? ಕ್ರೀಗರಾ, ಬಾರ್ಟ್‌ಲೈನಾ?" ಇಲ್ಲಿ ಅಮೆರಿಕದಲ್ಲಿ ದೂರದ ಗುರಿಯ ರೈಫಲ್ ಶೂಟಿಂಗ್ ಹಿಡಿದುಕೊಂಡ ನಮ್ಮವರಿಂದ ಎರಡು ಮೂರು ಸೀಸನ್ ಕಳೆದ ಮೇಲೆ ಬರುವ ಮೆಸೇಜು ಇದೇ. ಕಂಪನಿ ಹೆಸರು ಹೇಳುವುದನ್ನು ನಾನು ಬಿಟ್ಟಿದ್ದೇನೆ. ಬದಲಿಗೆ ತಿರುಗಿ ಕೇಳುತ್ತೇನೆ: ಯಾವ ಗುಂಡು ಹೊಡೀತೀರಿ, ಎಷ್ಟು ಗ್ರೇನಿಂದು (ಗುಂಡಿನ ತೂಕದ ಅಳತೆ), ಎಷ್ಟು ದೂರಕ್ಕೆ? ಇದಕ್ಕೆ ಉತ್ತರ ಸಿಕ್ಕರೆ ನಳಿಗೆಯ ಮುಕ್ಕಾಲು ಪಾಲು ತನ್ನಿಂದ ತಾನೇ ತೀರ್ಮಾನವಾಗುತ್ತದೆ. ಸಿಗದಿದ್ದರೆ ಎಂಥ ದೊಡ್ಡ ಹೆಸರಿನ ನಳಿಗೆ ತಂದರೂ ದುಡ್ಡು ದಂಡ.

ಅದಕ್ಕೂ ಮೊದಲು, ನಳಿಗೆ ನಿಜಕ್ಕೂ ಹೋಗಿದೆಯಾ ನೋಡಿ. ಗುರಿಯ ಮೇಲೆ ಗುಂಡು ಬೀಳುವ ಗುಂಪು ಅಗಲವಾಯಿತು ಅಂದ ಮಾತ್ರಕ್ಕೆ ನಳಿಗೆಯ ಮೇಲೆ ಗೂಬೆ ಕೂರಿಸಬೇಡಿ. ಸ್ಕೋಪಿನ ರಿಂಗು, ಆ್ಯಕ್ಷನ್ (ಬೋಲ್ಟ್ ಇರುವ, ನಳಿಗೆ ತಿರುಪಿ ಕೂರಿಸುವ ಭಾಗ) ಬಿಗಿಯುವ ಸ್ಕ್ರೂ ಸಡಿಲಾಗಿದ್ದರೂ ಹಾಗೇ ಆಗುತ್ತದೆ. ತೋಟೆಯ ಬಾಯಿ ಮುಗಿಯುವ ಜಾಗದಲ್ಲಿ ಕಾರ್ಬನ್ ಉಂಗುರದ ಹಾಗೆ ಗಟ್ಟಿ ಕಟ್ಟಿಕೊಂಡಿದ್ದರೂ ಆಗುತ್ತದೆ. ಅದನ್ನು ಸರಿಯಾಗಿ ತೆಗೆದರೆ ಎಷ್ಟೋ "ಸತ್ತ" ನಳಿಗೆಗಳು ಮತ್ತೆ ಮಾತಾಡುತ್ತವೆ. ಈಗ ಫೋನಿಗೇ ಜೋಡಿಸಬಹುದಾದ, ನಳಿಗೆಯೊಳಗೆ ಇಣುಕುವ ಬೋರ್‌ಸ್ಕೋಪ್ ಅಗ್ಗಕ್ಕೆ ಸಿಗುತ್ತದೆ. ತೋಟೆ ಕೂರುವ ಚೇಂಬರಿನ ಮುಂದೆ ರೈಫ್ಲಿಂಗ್ (ಗುಂಡನ್ನು ತಿರುಗಿಸುವ ಸುರುಳಿ ತೋಡು, ಏಣು) ಶುರುವಾಗುವ ಗಂಟಲಿನ ಹತ್ತಿರ ಕ್ಯಾಮೆರಾ ನಿಲ್ಲಿಸಿ ನೋಡಿ. ನನ್ನ ಹಳೆಯ .308 ತೋಟೆಯ ನಳಿಗೆಯಲ್ಲಿ ಮೊದಲೆರಡು ಇಂಚು ಬೇಸಿಗೆಯಲ್ಲಿ ಬತ್ತಿದ ಕೆರೆಯ ತಳದಂತೆ ಬಿರುಕು ಬಿಟ್ಟಿದೆ. ಏಣುಗಳ ಅಂಚು ಎಲ್ಲಿ ಶುರು ಅನ್ನುವುದೇ ಕಾಣುವುದಿಲ್ಲ. ಅಲ್ಲಿಂದ ಮುಂದೆ, ಬಾಯಿಯವರೆಗೂ, ಕನ್ನಡಿಯಂತೆ ನುಣುಪು. ನಳಿಗೆ ಸಾಯುವುದು ಬಹುಪಾಲು ಆ ಗಂಟಲಿನಲ್ಲೇ. ಅದನ್ನು ತಿನ್ನುವುದು ಗುಂಡಿನ ಉಜ್ಜಾಟಕ್ಕಿಂತ ಹೆಚ್ಚಾಗಿ ಸುಡುವ ಅನಿಲ.

.308 ವಿಂಚೆಸ್ಟರ್‌ನ ಒಳ ಒತ್ತಡಕ್ಕೆ ಇಟ್ಟಿರುವ ಮಿತಿ ಚದರ ಇಂಚಿಗೆ 62,000 ಪೌಂಡ್. ಗುಂಡು ನಳಿಗೆಯೊಳಗೆ ಇರುವುದು ಸೆಕೆಂಡಿನ ಸಾವಿರದಲ್ಲಿ ಒಂದೆರಡು ಭಾಗ ಮಾತ್ರ. 4,000 ಗುಂಡು ಹೊಡೆದರೂ ನಳಿಗೆಯ ಒಟ್ಟು ದುಡಿಮೆ ಹತ್ತು ಸೆಕೆಂಡು ದಾಟುವುದಿಲ್ಲ! ಅಷ್ಟರಲ್ಲಿ ಅದರ ಆಯುಷ್ಯ ತೀರುತ್ತದೆ. ಹಾಗಾಗಿ ನಳಿಗೆಯನ್ನು ಆಸ್ತಿ ಅಂದುಕೊಳ್ಳಬೇಡಿ, ಅದು ಖರ್ಚು. .308 ಸುಮಾರು 4,000ದಿಂದ 5,000 ಗುಂಡು ಪಂದ್ಯದ ಮಟ್ಟದಲ್ಲಿ ಬಾಳುತ್ತದೆ. 6.5 ಕ್ರೀಡ್‌ಮೂರ್ ತೋಟೆಯದು 2,000ದಿಂದ 3,000. .243 ವಿಂಚೆಸ್ಟರ್ 1,500 ದಾಟಿದರೆ ಪುಣ್ಯ. ಸಣ್ಣ ತೂತು, ಹಿಂದೆ ಜಾಸ್ತಿ ಮದ್ದು ಅಂದರೆ ಗಂಟಲು ಬೇಗ ಸುಡುತ್ತದೆ. ಒಳ್ಳೆಯ ನಳಿಗೆ ತಂದು ಕೂರಿಸುವ ಹೊತ್ತಿಗೆ 800 ಡಾಲರಿನ ಆಸುಪಾಸು ಆಗುತ್ತದೆ ಅಂದುಕೊಳ್ಳಿ. .308ರಲ್ಲಿ ಅದು ಗುಂಡಿಗೆ 20 ಸೆಂಟು, .243ರಲ್ಲಿ 50 ಸೆಂಟು ದಾಟುತ್ತದೆ. ಕೈಯಲ್ಲೇ ತುಂಬಿದ ತೋಟೆಗೂ ಒಂದು ಡಾಲರ್ ಹತ್ತಿರ ಬೀಳುವ ಕಾಲ ಇದು. ಹೊಸಬರು ಅಭ್ಯಾಸಕ್ಕೆ ಸಾವಿರಗಟ್ಟಲೆ ಗುಂಡು ಹೊಡೆಯಬೇಕು. ವೇಗದ ಆಸೆಗೆ ಬಿದ್ದು ಗಂಟಲು ಸುಡುವ ಇಂಥ ಬಿಸಿ ತೋಟೆಯ ನಳಿಗೆ ಹಾಕಿಸಿಕೊಂಡವರು ಒಂದು ಸೀಸನ್ನಿಗೇ ಮತ್ತೆ ಅಂಗಡಿ ಬಾಗಿಲಲ್ಲಿ ನಿಂತಿರುತ್ತಾರೆ.

ಈಗ ಗುಂಡಿನ ವಿಷಯ. ರೆಮಿಂಗ್ಟನ್ 700 ರೈಫಲ್ ಬಂದದ್ದು 1962ರಲ್ಲಿ. ಅದರ .308 ನಳಿಗೆಗಳು ಬಹಳ ಕಾಲ 1:12 ಟ್ವಿಸ್ಟಿನಲ್ಲೇ ಬರುತ್ತಿದ್ದವು, ಅಂದರೆ ಗುಂಡು 12 ಇಂಚು ಸಾಗುವಷ್ಟರಲ್ಲಿ ಒಂದು ಸುತ್ತು. 168 ಗ್ರೇನಿನ ಸಿಯೆರಾ ಮ್ಯಾಚ್‌ಕಿಂಗಿಗೆ ಅಷ್ಟು ಸಾಕು. ಆ ಗುಂಡು 600 ಗಜಕ್ಕೆ ಚಿನ್ನ. 1,000 ಗಜದ ಹತ್ತಿರ ಬರುತ್ತಾ ವೇಗ ಶಬ್ದದ ವೇಗಕ್ಕೆ ಇಳಿದು ತೂರಾಡತೊಡಗುತ್ತದೆ. ಈಗ ಎಫ್‌-ಟಿಆರ್ (ಎರಡು ಕಾಲಿನ ಬೈಪಾಡ್ ಮೇಲೆ ರೈಫಲ್ ಇಟ್ಟು ದೂರಕ್ಕೆ ಹೊಡೆಯುವ ವಿಭಾಗ) ಪಂದ್ಯದಲ್ಲಿ ಹೊಡೆಯುವುದು 185, 200 ಗ್ರೇನಿನ ಉದ್ದುದ್ದ ಗುಂಡುಗಳನ್ನು. 200 ಗ್ರೇನಿಗೆ 1:10 ಬೇಕು. ಗುಂಡು ಉದ್ದವಾದಷ್ಟೂ ಬೇಗ ತಿರುಗಬೇಕು, ಇದರಲ್ಲಿ ರಾಜಿ ಇಲ್ಲ. 1:10ರ ನಳಿಗೆಯಿಂದ ಸೆಕೆಂಡಿಗೆ 2,650 ಅಡಿ ವೇಗದಲ್ಲಿ ಹೊರಟ ಗುಂಡು ನಿಮಿಷಕ್ಕೆ ಸುಮಾರು 1 ಲಕ್ಷ 90 ಸಾವಿರ ಸುತ್ತಿನ ಲೆಕ್ಕದಲ್ಲಿ ತಿರುಗುತ್ತಿರುತ್ತದೆ. ನ್ಯೂ ಮೆಕ್ಸಿಕೋದ ರಟೋನ್ 6,500 ಅಡಿಗೂ ಎತ್ತರದಲ್ಲಿದೆ, ಗಾಳಿ ತೆಳು. ಅಲ್ಲಿ ನೆಟ್ಟಗೆ ಹೋದ ಗುಂಡು ಕಡಲ ಮಟ್ಟದ ಚಳಿಗೆ ಬಂದರೆ ಹಾಗೇ ಹೋಗುತ್ತದೆ ಅನ್ನುವ ಭರವಸೆ ಇಲ್ಲ. ಟ್ವಿಸ್ಟು ಗುಂಡಿಗೆ ಸಾಕೋ ಇಲ್ಲವೋ ಹೇಳುವ ಮಿಲ್ಲರ್ ಸೂತ್ರಕ್ಕೆ ಗುಂಡಿನ ಉದ್ದ, ತೂಕ, ವೇಗ, ಹವೆ ಹಾಕಿ ನೋಡಿ. ಸ್ಥಿರತೆಯ ಅಂಕಿ 1.5 ದಾಟಿದರೆ ಚಿಂತೆ ಇಲ್ಲ.

ನಳಿಗೆ ಎಷ್ಟು ತೂಕ, ಎಷ್ಟು ಉದ್ದ ಇರಬಹುದು ಅನ್ನುವುದು ಪಂದ್ಯದ ತೂಕದ ಮಿತಿಯಿಂದಲೇ ತೀರ್ಮಾನವಾಗುತ್ತದೆ. ಎಫ್‌-ಟಿಆರ್‌ನಲ್ಲಿ ಬೈಪಾಡ್, ಸ್ಕೋಪ್ ಎಲ್ಲ ಸೇರಿ 8.25 ಕಿಲೋ ಮೀರುವಂತಿಲ್ಲ. ಉಳಿದದ್ದನ್ನೆಲ್ಲ ತಕ್ಕಡಿಗೆ ಹಾಕಿ, ಮಿಕ್ಕಿದ್ದು ನಳಿಗೆಯ ಪಾಲು. ನಾನು 30 ಇಂಚಿನ ನಳಿಗೆಯವನು.

ಕಂಪನಿಯ ಮಾತಿಗೆ ಬಂದರೆ, ವಿಸ್ಕಾನ್ಸಿನ್‌ನ ಕ್ರೀಗರ್, ಬಾರ್ಟ್‌ಲೈನ್ ಒಂದೇ ಅಲಗಿನಿಂದ ಎಳೆ ಎಳೆಯಾಗಿ ಲೋಹ ಕೆರೆದು ತೋಡು ಕೊರೆಯುತ್ತಾರೆ. ಮೊಂಟಾನಾದ ಲಿಲ್ಯ, ಟೆಕ್ಸಸ್‌ನ ಶೈಲೆನ್ ಕಾರ್ಬೈಡ್ ಬಟನ್ ಅನ್ನುವ ಗಟ್ಟಿ ಅಚ್ಚನ್ನು ತೂತಿನೊಳಗೆ ಎಳೆದು ತೋಡು ಒತ್ತುತ್ತಾರೆ, ಆಮೇಲೆ ಉಕ್ಕಿನ ಒಳ ಬಿಗುವು ಕಾಯಿಸಿ ಇಳಿಸುತ್ತಾರೆ. ಎರಡೂ ಬಗೆಯ ನಳಿಗೆಗಳು ಪಂದ್ಯ ಗೆಲ್ಲುತ್ತಲೇ ಬಂದಿವೆ. ಇವರಲ್ಲಿ ಯಾರದ್ದು ಬೇಗ ಸಿಗುತ್ತದೋ ಅದನ್ನು ತಗೊಳ್ಳಿ, ವಾದ ಮಾಡುತ್ತಾ ಸೀಸನ್ ಕಳೆಯಬೇಡಿ.

ಅಳೆದು ತೂಗಿ ಆರಿಸಬೇಕಾದ್ದು ಅದನ್ನು ಕೂರಿಸುವ ಗನ್‌ಸ್ಮಿತ್‌ನನ್ನು. ರೆಮಿಂಗ್ಟನ್ 700ರ ಆ್ಯಕ್ಷನ್‌ಗಳು ಒಂದರಂತೆ ಇನ್ನೊಂದು ಇರುವುದಿಲ್ಲ, ಹಾಗಾಗಿ ಚೇಂಬರನ್ನು ನಿಮ್ಮ ಆ್ಯಕ್ಷನ್ ಎದುರಿಗಿಟ್ಟುಕೊಂಡೇ ಕೊರೆಯಬೇಕು. (ಸಾವೇಜ್ 110ರವರು 1958ರಿಂದಲೇ ನಳಿಗೆ ಬಿಗಿಯಲು ನಟ್ ಇಟ್ಟಿದ್ದಾರೆ, ಅದರಲ್ಲಿ ಗೋ, ನೋ-ಗೋ ಗೇಜ್ (ಅಳತೆ ಸರಿ ಇದೆಯಾ ನೋಡುವ ಲೋಹದ ತುಂಡುಗಳು) ಇದ್ದರೆ ಮನೆಯಲ್ಲೇ ಹೆಡ್‌ಸ್ಪೇಸ್, ಅಂದರೆ ಬೋಲ್ಟಿಗೂ ಚೇಂಬರಿಗೂ ನಡುವೆ ತೋಟೆಗೆ ಇರುವ ಜಾಗ, ಕೂರಿಸಬಹುದು. ಈಗ 700ಕ್ಕೂ ಅದೇ ಉಪಾಯದ ನಳಿಗೆಗಳು ಸಿಗುತ್ತವೆ, ಚೆನ್ನಾಗಿಯೇ ಇವೆ. ಗೇಜ್ ಇಲ್ಲದೆ ಮಾತ್ರ ಯಾರೂ ಕೈ ಹಾಕಬೇಡಿ, ಇದು ಮುಖದ ಪಕ್ಕದಲ್ಲೇ ಸಿಡಿಯುವ ಸಾಮಾನು.) ಗನ್‌ಸ್ಮಿತ್‌ಗೆ ಆ್ಯಕ್ಷನ್ ಜೊತೆ ಒಂದು ಡಮ್ಮಿ ತೋಟೆ ಕಳಿಸಿ: ಪ್ರೈಮರ್ ಇಲ್ಲ, ಮದ್ದಿಲ್ಲ, ನೀವು ಹೊಡೆಯುವ ಗುಂಡನ್ನೇ ನೀವು ಬಯಸುವ ಆಳಕ್ಕೆ ಕೂರಿಸಿದ್ದು. ಅದನ್ನು ನೋಡಿ ಅವನು ಗಂಟಲಿನ ಉದ್ದ ಇಡುತ್ತಾನೆ. 168 ಗ್ರೇನಿಗೆ ಕೊರೆದ ಗಂಟಲಿಗೆ 200 ಗ್ರೇನಿನ ಗುಂಡು ತುರುಕಿದರೆ ಅದರ ಬುಡ ಮದ್ದಿನ ಜಾಗವನ್ನು ತಿನ್ನುತ್ತದೆ, ಒತ್ತಡ ಏರುತ್ತದೆ, ವೇಗ ಸಿಗುವುದಿಲ್ಲ. ಡಮ್ಮಿ ತೋಟೆ ಕೇಳದ ಗನ್‌ಸ್ಮಿತ್ ಹತ್ತಿರ ನಾನು ಕೆಲಸ ಕೊಡುವುದಿಲ್ಲ.

ಹೊಸ ನಳಿಗೆ ಬಂದ ಮೇಲೆ ಮೂರು ಗುಂಡಿನ ಗುಂಪಿನ ಫೋಟೋ ಹಾಕುವವರಿಗೆ ಒಂದು ಮಾತು. ಮೂರು ಗುಂಡು ಏನನ್ನೂ ಹೇಳುವುದಿಲ್ಲ. ಮೊದಲ ನೂರು ನೂರೈವತ್ತು ಗುಂಡಿನಲ್ಲಿ ಎಷ್ಟೋ ನಳಿಗೆಗಳ ವೇಗವೇ ಏರುತ್ತದೆ, ಅದು ನಿಂತ ಮೇಲೆ ಲೋಡ್ (ಮದ್ದು, ಗುಂಡಿನ ಸರಿಯಾದ ಹೊಂದಾಣಿಕೆ) ಹುಡುಕಿ. 1,000 ಗಜದಲ್ಲಿ ಗುರಿಹಲಗೆಯ ಹತ್ತು ಅಂಕದ ವೃತ್ತ 10 ಇಂಚು, ಅದರೊಳಗಿನ ಎಕ್ಸ್ 5 ಇಂಚು. ಇಪ್ಪತ್ತು ಗುಂಡು ಒಂದೇ ಸಮ ಹೊಡೆದು, ಮೇಲೆ ಕೆಳಗೆ ಎಷ್ಟು ಹರಡಿತು ನೋಡಿ. ಅಡ್ಡಕ್ಕೆ ಹರಡಿದ್ದರಲ್ಲಿ ಗಾಳಿಯ ಪಾಲೂ, ನಿಮ್ಮ ಪಾಲೂ ಇರುತ್ತದೆ.

ಇನ್ನು ಕೊಡಗಿನ ಗೆಳೆಯರಿಗೆ. ಕೈಲ್‌ಪೋದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುರಿ ಇಡುತ್ತಾ ಬೆಳೆದವರು ನೀವು, ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಆದರೆ "ಬರುವಾಗ ಒಂದು ನಳಿಗೆ ತಂದುಕೊಡು" ಅಂತ ದಯವಿಟ್ಟು ಕೇಳಬೇಡಿ. ಅರಿಜೋನಾದಲ್ಲಿ ನಳಿಗೆ ಅಂಚೆಯಲ್ಲಿ ಮನೆಗೇ ಬರುತ್ತದೆ, ಕಾನೂನಿನ ಲೆಕ್ಕದಲ್ಲಿ ಕೋವಿ ಅಂದರೆ ನಂಬರ್ ಕೊರೆದ ಆ್ಯಕ್ಷನ್ ಮಾತ್ರ. ದೇಶ ದಾಟಿಸಬೇಕಾದರೆ ಕತೆ ಬೇರೆ: ಇಲ್ಲಿಂದ ರಫ್ತಿನ ಲೈಸೆನ್ಸ್ ಬೇಕು, ಅಲ್ಲಿ ಶಸ್ತ್ರಾಸ್ತ್ರ ಕಾಯ್ದೆ 1959ರಡಿ ಆಮದಿಗೂ ಅನುಮತಿ ಬೇಕು. ಕೊಡವರಿಗೆ ಕೋವಿ ಇಟ್ಟುಕೊಳ್ಳಲು 2029ರವರೆಗೆ ಇರುವ ವಿನಾಯಿತಿ ಸೂಟ್‌ಕೇಸಿನಲ್ಲಿ ಬರುವ ನಳಿಗೆಗೆ ಅನ್ವಯಿಸುವುದಿಲ್ಲ.

ನನ್ನದು ಆರ್ಡರ್ ಆಗಿದೆ: .308, 1:10, 30 ಇಂಚು, ಸ್ಟೇನ್‌ಲೆಸ್, ಚೇಂಬರ್ ಕೊರೆಯುವ ಒಂದೇ ರೀಮರಿನಲ್ಲಿ ಕೊರೆದ ಜೋಡಿ. ಒಂದು ಸವೆಯುವ ಹೊತ್ತಿಗೆ ಇನ್ನೊಂದು ಕೈಯಲ್ಲಿರುತ್ತದೆ, ಲೋಡ್ ಮೊದಲಿಂದ ಹುಡುಕುವ ಗೋಳು ಅಷ್ಟರಮಟ್ಟಿಗೆ ಕಡಿಮೆ. ಫೆಬ್ರವರಿಯಲ್ಲಿ ಫೀನಿಕ್ಸಿನ ಬೆನ್ ಏವರಿಯಲ್ಲಿ ನಡೆಯುವ ಸೌತ್‌ವೆಸ್ಟ್ ನ್ಯಾಷನಲ್ಸ್‌ಗೆ ಬರುವವರಿದ್ದರೆ ಇಲ್ಲೇ ಬರೆಯಿರಿ. ನಿಮ್ಮ ಡಮ್ಮಿ ತೋಟೆ ತನ್ನಿ, ಕೂತು ಅಳೆಯೋಣ.