ತಂತಿ ಅದೇ, ಒಡೆತನ ಬೇರೆ

ಬೆಂಗಳೂರಿನಲ್ಲಿ ಕೇಬಲ್ ಟಿವಿ ಏಕೆ ಸೊರಗಿತು ಎಂದು ಕೇಳಿದರೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ: ಮೊಬೈಲ್ ಬಂತು, ಒಟಿಟಿ ಬಂತು, ಇನ್ನು ಕೇಬಲ್ ಯಾರಿಗೆ ಬೇಕು? ಕೊಚ್ಚಿಯ ಕಾಕ್ಕನಾಡಿನಲ್ಲಿ ಸಂಸಾರ ಹೂಡಿರುವ ನನಗೆ ಈ ಉತ್ತರ ಸಾಲದು. ಇಲ್ಲಿಯೂ ಮೊಬೈಲ್ ಇದೆ, ಅವೇ ಒಟಿಟಿಗಳಿವೆ. ಹೊಸ ಸಿನಿಮಾ ಒಟಿಟಿಗೆ ಬಂದ ರಾತ್ರಿಯೇ ನೋಡಿ ಮುಗಿಸಿ, ಬೆಳಿಗ್ಗೆ ಚಹಾದಂಗಡಿಯಲ್ಲಿ ಅದರ ಬಗ್ಗೆ ಜಗಳಕ್ಕೆ ನಿಲ್ಲುವ ಊರು ಇದು. ಆದರೂ ಇಲ್ಲಿ ಬಡಾವಣೆಯ ಕೇಬಲ್‌ನವರು ಮುಳುಗಿಲ್ಲ. ನಮ್ಮ ಮನೆಗೆ ಟಿವಿಯ ತಂತಿ ಎಳೆದವರೇ ಇಂಟರ್ನೆಟ್ಟಿನ ತಂತಿಯನ್ನೂ ಎಳೆದುಕೊಟ್ಟಿದ್ದಾರೆ. ಅತ್ತ ಬೆಂಗಳೂರಿನ ಹನುಮಂತನಗರದಲ್ಲಿ ನನ್ನ ತಾಯಿಯ ಮನೆಗೆ ವರ್ಷಗಟ್ಟಲೆ ಕೇಬಲ್ ಕೊಟ್ಟವರು ಆ ಕಸುಬನ್ನೇ ಬಿಟ್ಟಿದ್ದಾರೆ. ಕಾಲ ಒಂದೇ, ತಂತ್ರಜ್ಞಾನ ಒಂದೇ, ಕೇಂದ್ರದ ಕಾನೂನೂ ಒಂದೇ. ಫಲ ಮಾತ್ರ ಎರಡು ಬಗೆ.

ಬೆಂಗಳೂರಿನಲ್ಲಿ ಈ ಕಸುಬು ಹುಟ್ಟಿದ ಬಗೆಯನ್ನು ನೆನೆದರೆ ನನಗೆ ಈಗಲೂ ಗೌರವ ಮೂಡುತ್ತದೆ. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಅದಾಗಿ ಹತ್ತು ವರ್ಷ ಕಳೆಯುವಷ್ಟರಲ್ಲಿ ಉಪಗ್ರಹ ವಾಹಿನಿಗಳು ಬಂದವು. 1991ರಲ್ಲಿ ಸ್ಟಾರ್, ಮರುವರ್ಷ ಜೀ, 1994ರಲ್ಲಿ ಕನ್ನಡದ ಉದಯ, 2000ದ ಕೊನೆಗೆ ಈಟಿವಿ ಕನ್ನಡ. ಅವುಗಳನ್ನು ಆಕಾಶದಿಂದ ಮನೆಯ ಪಡಸಾಲೆಗೆ ಇಳಿಸಿದ್ದು ದೊಡ್ಡ ಕಂಪನಿಗಳಲ್ಲ, ಬಡಾವಣೆಯ ಹುಡುಗರು. ರೇಡಿಯೊ ರಿಪೇರಿ ಕಲಿತವರು, ವಿಡಿಯೊ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದವರು, ಐಟಿಐ ಮುಗಿಸಿ ಕೆಲಸ ಸಿಗದೆ ಕುಳಿತಿದ್ದವರು ಸಾಲ ಮಾಡಿ ಡಿಶ್ ತಂದರು. ತಾರಸಿಯ ಮೇಲೊಂದು ಕೋಣೆಯಲ್ಲಿ ರಿಸೀವರುಗಳನ್ನು ಜೋಡಿಸಿ ಅದಕ್ಕೆ ಕಂಟ್ರೋಲ್ ರೂಮ್ ಎಂದು ಹೆಸರಿಟ್ಟರು. ತೆಂಗಿನ ಮರದಿಂದ ದೀಪದ ಕಂಬಕ್ಕೆ, ಕಂಬದಿಂದ ಕಾಂಪೌಂಡಿಗೆ ತಂತಿ ಎಳೆದರು. ಮಳೆಗಾಲದಲ್ಲಿ ಆ್ಯಂಪ್ಲಿಫೈಯರ್ ಸುಟ್ಟರೆ ರಾತ್ರಿ ಹತ್ತು ಗಂಟೆಗೂ ಏಣಿ ಹೊತ್ತು ಬರುತ್ತಿದ್ದರು. ಕ್ರಿಕೆಟ್ ಪಂದ್ಯದ ನಡುವೆ ಚಿತ್ರ ನಿಂತರೆ ಇಡೀ ಬೀದಿಯ ಸಿಟ್ಟಿಗೆ ತಲೆ ಕೊಡುತ್ತಿದ್ದವರೂ ಅವರೇ.

ಮಧ್ಯಾಹ್ನ ಅವರ ಸ್ವಂತ ವಾಹಿನಿಯಲ್ಲಿ ಒಂದು ಕನ್ನಡ ಸಿನಿಮಾ ಇರುತ್ತಿತ್ತು. ಹಕ್ಕುಸ್ವಾಮ್ಯದ ದೃಷ್ಟಿಯಿಂದ ಅದು ಸರಿಯಾಗಿರಲಿಲ್ಲ, ನಿಂತದ್ದು ನ್ಯಾಯವೇ. ಆದರೆ ಅದೇ ವಾಹಿನಿಯಲ್ಲಿ ಬಡಾವಣೆಯ ಗಣೇಶೋತ್ಸವದ ವಾದ್ಯಗೋಷ್ಠಿ, ಅಣ್ಣಮ್ಮ ದೇವಿಯ ಮೆರವಣಿಗೆ, ಬಸವನಗುಡಿಯ ಕಡಲೆಕಾಯಿ ಪರಿಷೆ, ನಲ್ಲಿಯಲ್ಲಿ ನೀರು ಬಾರದ ದಿನದ ಸೂಚನೆ, ಪಕ್ಕದ ಶಾಲೆಯ ವಾರ್ಷಿಕೋತ್ಸವವೂ ಬರುತ್ತಿದ್ದವು. ರಾಜ್ಯಮಟ್ಟದ ವಾಹಿನಿಗಳಿಗೆ ಇದರಲ್ಲಿ ಒಂದೂ ಸುದ್ದಿಯಲ್ಲ. ನಮಗೆ ಅಷ್ಟೂ ಸುದ್ದಿಯೇ ಆಗಿತ್ತು.

ಇವರ ಕೈಯಿಂದ ಕಸುಬು ಜಾರಿದ್ದು ಒಟಿಟಿ ಬರುವ ಮೊದಲೇ ಎಂಬುದನ್ನು ಬೆಂಗಳೂರಿನವರು ಮರೆಯುತ್ತಾರೆ. ಸೆಟ್‌ಟಾಪ್ ಬಾಕ್ಸ್ ಕಡ್ಡಾಯ ಮಾಡಿದ ಕೇಬಲ್ಲಿನ ಡಿಜಿಟಲೀಕರಣದ ಎರಡನೆಯ ಹಂತದಲ್ಲಿ ಬೆಂಗಳೂರು, ಮೈಸೂರು ಸೇರಿದಂತೆ 38 ನಗರಗಳಿಗೆ 2013ರ ಮಾರ್ಚ್ 31ರ ಗಡುವು ಬಂತು. ಡಿಜಿಟಲ್ ಹೆಡ್‌ಎಂಡ್, ಅಂದರೆ ವಾಹಿನಿಗಳನ್ನು ಉಪಗ್ರಹದಿಂದ ಹಿಡಿದು ತಂತಿಗೆ ಬಿಡುವ ಕೇಂದ್ರ, ಕಟ್ಟಲು ಬೇಕಾದ ಹಣ ಒಂಟಿ ಕೇಬಲ್‌ನವರ ಬಳಿ ಇರಲಿಲ್ಲ. ಸಿಗ್ನಲ್ ಕೊಡುವ ದೊಡ್ಡ ಸಂಸ್ಥೆಗಳು ಆ ಕೆಲಸ ಮಾಡಿದವು. ಸೆಟ್‌ಟಾಪ್ ಬಾಕ್ಸ್ ಅವರದು, ಗ್ರಾಹಕರ ಪಟ್ಟಿ ಅವರ ಕಂಪ್ಯೂಟರಿನಲ್ಲಿ, ವಾಹಿನಿ ಚಾಲೂ ಮಾಡುವ, ನಿಲ್ಲಿಸುವ ಅಧಿಕಾರವೂ ಅವರದು. ಬಡಾವಣೆಯ ಮಾಲೀಕ ಕಂತು ವಸೂಲಿಯ ಏಜೆಂಟನಾದ. ತಂತಿಯನ್ನೇ ಮಾರಿ ಅದೇ ಸಂಸ್ಥೆಯಲ್ಲಿ ಸಂಬಳಕ್ಕೆ ಸೇರಿದವರನ್ನೂ ನಾನು ಬಲ್ಲೆ.

ಎರಡನೆಯ ಪೆಟ್ಟು ಬಿದ್ದದ್ದು 2019ರ ಫೆಬ್ರುವರಿ 1ರಂದು. ದೂರಸಂಪರ್ಕ ನಿಯಂತ್ರಕ ಸಂಸ್ಥೆಯಾದ ಟ್ರಾಯ್‌ನ ಹೊಸ ದರಪದ್ಧತಿ ಜಾರಿಗೆ ಬಂದು, ಮೊದಲ ನೂರು ವಾಹಿನಿಗಳ ಸಂಪರ್ಕಕ್ಕೇ 130 ರೂಪಾಯಿ, ಅದರ ಮೇಲೆ ಶೇಕಡ 18 ಜಿಎಸ್‌ಟಿ, ಒಟ್ಟು 153 ರೂಪಾಯಿ 40 ಪೈಸೆ ಎಂದಾಯಿತು. ಧಾರಾವಾಹಿ ನೋಡಬೇಕಾದರೆ ಆಯಾ ವಾಹಿನಿಗೆ ಬೇರೆ ಹಣ. ನೋಡುವ ವಾಹಿನಿಗೆ ಮಾತ್ರ ದುಡ್ಡು ಕೊಡಿ ಎಂಬ ಆಶಯ ಒಳ್ಳೆಯದೇ. ಆದರೆ ನನ್ನ ತಾಯಿಯಂಥವರಿಗೆ ಅದು ಅರ್ಥವಾಗದ ಪಟ್ಟಿಯಾಗಿ, ಏರಿದ ಬಿಲ್ಲಾಗಿ ಬಂತು. ಆ 130 ರೂಪಾಯಿಯ ಹಂಚಿಕೆಯನ್ನು ನೋಡಿ: ಇಬ್ಬರ ನಡುವೆ ಬೇರೆ ಒಪ್ಪಂದ ಕುದುರದಿದ್ದರೆ ದೊಡ್ಡ ಸಂಸ್ಥೆಗೆ 55 ಪಾಲು, ಬಡಾವಣೆಯವನಿಗೆ 45. ಅಂದರೆ ಮನೆಯೊಂದಕ್ಕೆ 58 ರೂಪಾಯಿ 50 ಪೈಸೆ. ಕಂಬ ಹತ್ತುವ ಹುಡುಗನ ಸಂಬಳ, ವಸೂಲಿಗೆ ತಿರುಗುವ ಸ್ಕೂಟರಿನ ಪೆಟ್ರೋಲು, ಹರಿದ ತಂತಿಯ ಖರ್ಚು ಎಲ್ಲವೂ ಅದರಲ್ಲೇ ನಡೆಯಬೇಕು. ಬಿಲ್ ಏಕೆ ಏರಿತು ಎಂಬ ಬೈಗುಳಕ್ಕೂ ಬಾಗಿಲಲ್ಲಿ ನಿಂತ ಅವನೇ ಉತ್ತರ ಹೇಳಬೇಕು.

ಈ ನಡುವೆ 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. ಆಮೇಲಿನದು ಎಲ್ಲರಿಗೂ ಗೊತ್ತಿರುವುದೇ. ದೇಶದಲ್ಲಿ ಹಣ ಕೊಟ್ಟು ಟಿವಿ ನೋಡುವ ಮನೆಗಳು 2018ರಲ್ಲಿ ಸುಮಾರು 15 ಕೋಟಿ ಇದ್ದವು, 2024ರ ಹೊತ್ತಿಗೆ ಸುಮಾರು 11 ಕೋಟಿಗೆ ಇಳಿದವು.

ಕೇರಳಕ್ಕೂ ಮುಂದಿನ ಹಂತಗಳಲ್ಲಿ ಡಿಜಿಟಲೀಕರಣದ ಗಡುವು ಬಂತು; ಇದೇ ದರಪದ್ಧತಿ, ಇದೇ ಜಿಯೊ ಬಂದವು. ಇಲ್ಲಿನ ಕೇಬಲ್‌ನವರು ಅದಕ್ಕೂ ಮುಂಚೆಯೇ ಸಂಘ ಕಟ್ಟಿಕೊಂಡಿದ್ದರು. ದೊಡ್ಡ ಸಂಸ್ಥೆಗಳ ಎದುರು ಒಬ್ಬೊಬ್ಬರಾಗಿ ನಿಂತರೆ ಉಳಿಗಾಲವಿಲ್ಲ ಎಂದು ತಿಳಿದು, ತಾವೇ ಷೇರು ಹಾಕಿ ಕಂಪನಿ ಮಾಡಿದರು. ಅದೇ ಕೇರಳ ವಿಷನ್. ಹೆಡ್‌ಎಂಡನ್ನು ಸಾವಿರಾರು ಸಣ್ಣವರು ಸೇರಿ ಕಟ್ಟಿದರು. ಸಿಗ್ನಲ್ ಕೊಡುವವರೂ ಮನೆಗೆ ಮುಟ್ಟಿಸುವವರೂ ಒಬ್ಬರೇ ಆದ್ದರಿಂದ ಡಿಜಿಟಲ್ ಬಂದಾಗ ಗ್ರಾಹಕರ ಪಟ್ಟಿ ಅವರ ಕೈಬಿಡಲಿಲ್ಲ. ಜನ ಇಂಟರ್ನೆಟ್ ಕೇಳಲು ಶುರುಮಾಡಿದಾಗ ಅದೇ ಕಂಬಗಳ ಮೇಲೆ ಫೈಬರ್ ಎಳೆದರು. ಈಚಿನ ವರ್ಷಗಳ ಟ್ರಾಯ್ ವರದಿಗಳನ್ನು ತೆರೆದು ನೋಡಿ: ತಂತಿಯ ಮೂಲಕ ಬ್ರಾಡ್‌ಬ್ಯಾಂಡ್ ಕೊಡುವ ದೇಶದ ಮೊದಲ ಐದು ಸಂಸ್ಥೆಗಳ ಪಟ್ಟಿಯಲ್ಲಿ ಜಿಯೊ, ಏರ್‌ಟೆಲ್, ಬಿಎಸ್‌ಎನ್‌ಎಲ್ ಜೊತೆಗೆ ಕೇರಳ ವಿಷನ್ ಕೂಡ ಕಾಣುತ್ತದೆ. ಒಂದೇ ರಾಜ್ಯದ ಕೇಬಲ್‌ನವರು ಸೇರಿ ಕಟ್ಟಿದ ಸಂಸ್ಥೆ ಅಷ್ಟು ದೂರ ಬಂದಿದೆ.

ಆ ಐದರಲ್ಲಿ ಉಳಿದ ಇನ್ನೊಂದು ಹೆಸರು ಎಸಿಟಿ, ಬೆಂಗಳೂರಿನದೇ ಸಂಸ್ಥೆ. ಅದೂ ಕೇಬಲ್ ಟಿವಿಯಿಂದಲೇ ಶುರುವಾಗಿ ಬ್ರಾಡ್‌ಬ್ಯಾಂಡಿಗೆ ಬೆಳೆದದ್ದು. ಆ ಸಾಧನೆಯನ್ನು ನಾನು ಕಡಿಮೆ ಮಾಡಿ ಹೇಳಲಾರೆ. ಕೇಬಲ್ಲಿನ ತಂತಿಗೆ ಭವಿಷ್ಯವಿತ್ತು ಎಂಬುದನ್ನು ಬೆಂಗಳೂರಿನ ಸಂಸ್ಥೆಯೇ ತೋರಿಸಿಕೊಟ್ಟಿದೆ. ಹಾಗಿದ್ದ ಮೇಲೆ ನಮ್ಮೂರಿನ ಸಾವಿರಾರು ಸಣ್ಣ ಮಾಲೀಕರು ಆ ಭವಿಷ್ಯದಲ್ಲಿ ಪಾಲುದಾರರಾಗದೆ ಹೊರಗುಳಿದದ್ದೇಕೆ? ತಂತ್ರಜ್ಞಾನ ಅವರನ್ನು ಹೊರಗಿಡಲಿಲ್ಲ. ಅವರು ಒಟ್ಟಾಗಲಿಲ್ಲ, ಒಟ್ಟಾಗಲು ಯಾರೂ ನೆರವಾಗಲೂ ಇಲ್ಲ.

ನನಗೆ ಹೆಚ್ಚು ನೋವು ಕೊಡುವುದು ಇದೇ. ಸಹಕಾರ ಎಂಬುದು ಕನ್ನಡ ನಾಡಿಗೆ ಹೊಸ ಪಾಠವಲ್ಲ. ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಒಂದೆರಡು ಹಸು ಸಾಕಿದ ಹೆಣ್ಣುಮಕ್ಕಳು ಹಳ್ಳಿಯ ಡೇರಿಗೆ ಹಾಲು ಹಾಕಿ ಹಾಕಿ ನಂದಿನಿಯನ್ನು ಬೆಳೆಸಿದರು. ಈ ನಂದಿನಿಯ ಪ್ಯಾಕೆಟ್ ಕೊಚ್ಚಿಗೆ ಬಂದಾಗ ಇಲ್ಲಿನ ಹಾಲು ಒಕ್ಕೂಟವಾದ ಮಿಲ್ಮಾದವರಿಗೆ ಆತಂಕವಾಯಿತು. ಸರ್ಕಾರದ ಹಿಡಿತ ಕಡಿಮೆಯಿರುವ ಸೌಹಾರ್ದ ಸಹಕಾರಿಗಳಿಗೆಂದೇ ನಮ್ಮಲ್ಲಿ 1997ರ ಕಾಯ್ದೆ ಇದೆ. ಹಾಲಿಗೆ, ಸಾಲಕ್ಕೆ, ಅಡಿಕೆಗೆ ಸಾಧ್ಯವಾದದ್ದು ತಂತಿಗೆ ಮಾತ್ರ ಸಾಧ್ಯವಾಗಲಿಲ್ಲ ಎಂದರೆ ನಾನು ನಂಬುವುದಿಲ್ಲ. ಕೇಬಲ್‌ನವರನ್ನು ಉದ್ಯಮಿಗಳೆಂದು ನಮ್ಮ ಸರ್ಕಾರಗಳು ಒಮ್ಮೆಯೂ ನೋಡಲಿಲ್ಲ. ಕಂಬಕ್ಕೆ ತಂತಿ ಕಟ್ಟಿ ಊರು ಕೆಡಿಸುವವರು ಎಂದಷ್ಟೇ ನೋಡಿದವು.

ತೂಗಾಡುವ ತಂತಿಯ ಅಪಾಯವನ್ನು ನಾನು ಅಲ್ಲಗಳೆಯುವುದಿಲ್ಲ. ಪಾದಚಾರಿಗಳ ಕುತ್ತಿಗೆಗೆ, ಬೈಕ್ ಸವಾರರ ಮುಖಕ್ಕೆ ಸಿಕ್ಕುವ ತಂತಿಗಳನ್ನು ತೆಗೆಯಲೇಬೇಕು. ಆದರೆ ಪಾಲಿಕೆಯೂ ಬೆಸ್ಕಾಂ ಕೂಡ ಕತ್ತರಿ ಹಿಡಿದು ಹೊರಟಾಗ ಉಳಿದುಕೊಳ್ಳುವುದು ನೆಲ ಅಗೆಯುವ ಶುಲ್ಕ ಕಟ್ಟಬಲ್ಲ ದೊಡ್ಡವರು ಮಾತ್ರ. ಪೈಪು, ತಂತಿಗಳಿಗೆ ನೆಲದಡಿ ಜಾಗ ಮಾಡಿ ಮರುಕಟ್ಟಿದ ರೆಸಿಡೆನ್ಸಿ ರಸ್ತೆಯಂಥ ಟೆಂಡರ್‌ಶ್ಯೂರ್ ರಸ್ತೆಗಳಲ್ಲಿ ಕೇಬಲ್ಲಿಗೆಂದೇ ನೆಲದಡಿ ಕೊಳವೆ ಹಾಕಿದ್ದಾರೆ. ಅದೇ ಏರ್ಪಾಡು ಶ್ರೀನಗರದ, ಗಿರಿನಗರದ ಅಡ್ಡರಸ್ತೆಗಳಿಗೂ ಬಂದು, ಸಣ್ಣವರಿಗೆ ಕೈಗೆಟಕುವ ಬಾಡಿಗೆಗೆ ಜಾಗ ಸಿಕ್ಕಿದ್ದರೆ ಕತೆ ಬೇರೆಯಾಗುತ್ತಿತ್ತು. ಕೇರಳದಲ್ಲಿ ವಿದ್ಯುತ್ ಮಂಡಳಿಯ ಕಂಬಗಳಿಗೆ ಬಾಡಿಗೆ ಕಟ್ಟಿ ತಂತಿ ಎಳೆಯುತ್ತಾರೆ. ಬಾಡಿಗೆ ಹೆಚ್ಚೆಂದು ಇಲ್ಲಿನ ಕೇಬಲ್‌ನವರು ಗೊಣಗುತ್ತಲೇ ಇರುತ್ತಾರೆ, ಕೊಚ್ಚಿಯ ಬೀದಿಗಳಲ್ಲಿಯೂ ತಂತಿಗಳ ಗೋಜಲು ಕಡಿಮೆಯೇನಿಲ್ಲ. ಇಲ್ಲಿನ ಹೊಸ ಫ್ಲ್ಯಾಟುಗಳ ಯುವಕರೂ ಟಿವಿ ಸಂಪರ್ಕ ತೆಗೆಸುತ್ತಿದ್ದಾರೆ. ತೆಗೆಸಿದವರು ಹೆಚ್ಚಾಗಿ ಅದೇ ಕೇಬಲ್‌ನವರ ಇಂಟರ್ನೆಟ್ ಉಳಿಸಿಕೊಳ್ಳುತ್ತಾರೆ, ಅಷ್ಟೇ ವ್ಯತ್ಯಾಸ. ಆ ಅಷ್ಟೇ ವ್ಯತ್ಯಾಸದಲ್ಲಿ ಸಾವಿರಾರು ಸಂಸಾರಗಳ ಅನ್ನ ಉಳಿದಿದೆ.

ಸೇವೆಯ ವಿಷಯಕ್ಕೆ ಬಂದರೆ, ಮುಂಗಾರಿನ ಗಾಳಿಗೆ ನಮ್ಮ ಬೀದಿಯ ಫೈಬರ್ ತುಂಡಾದ ದಿನ ಸಂಜೆಯೊಳಗೆ ಪರಿಚಯದ ಮುಖವೊಂದು ಏಣಿ ಹಿಡಿದು ಬಂತು. ಹನುಮಂತನಗರದಲ್ಲಿ ತಾಯಿಯ ಮನೆಯ ಇಂಟರ್ನೆಟ್ ಕೆಟ್ಟಾಗ ಅವರು ಕಾಲ್ ಸೆಂಟರಿನ ಗುಂಡಿಗಳನ್ನು ಒತ್ತಿ ಒತ್ತಿ ಸೋತರು. ದೂರು ದಾಖಲಾಗಿದೆ ಎಂಬ ಸಂದೇಶ ಮಾತ್ರ ಬರುತ್ತಿತ್ತು. "ಮೊದಲಾದರೆ ನಮ್ಮ ಕೇಬಲ್‌ನವನನ್ನು ಬೀದಿಯಲ್ಲಿ ಕಂಡಾಗಲೇ ಹಿಡಿದು ಕೇಳುತ್ತಿದ್ದೆ, ಈಗ ಯಾರನ್ನು ಕೇಳಲಿ ಹೇಳು ಮಗನೇ" ಎಂದು ಫೋನಿನಲ್ಲಿ ಅತ್ತರು. ಎಪ್ಪತ್ತು ದಾಟಿದ, ಒಬ್ಬರೇ ಇರುವ ಹೆಂಗಸಿಗೆ ಟಿವಿ ನಿಂತರೆ ಮನೆಯ ಮಾತೇ ನಿಲ್ಲುತ್ತದೆ.

ಭಾಷೆಯ ಮಾತಿಗೆ ಬರುತ್ತೇನೆ. 1995ರ ಕೇಬಲ್ ಟಿವಿ ಕಾಯ್ದೆಯ ಎಂಟನೆಯ ಕಲಮು ದೂರದರ್ಶನದ ವಾಹಿನಿಗಳನ್ನೂ ರಾಜ್ಯದ ಭಾಷೆಯ ಒಂದು ವಾಹಿನಿಯನ್ನೂ ಕೇಬಲ್‌ನವರು ಕೊಡಲೇಬೇಕೆಂದು ಕಟ್ಟುಮಾಡಿತು. ಹಾಗಾಗಿ ಚಂದನ ಪ್ರತಿ ಮನೆಗೂ ತಲುಪಿತು. ಕೇಬಲ್‌ನವರು ಕನ್ನಡ ವಾಹಿನಿಗಳನ್ನು ಮೊದಲ ಸಂಖ್ಯೆಗಳಲ್ಲಿ ಜೋಡಿಸಿಕೊಡುತ್ತಿದ್ದರು, ರಿಮೋಟಿನಲ್ಲಿ 1, 2, 3 ಒತ್ತಿದರೆ ಕನ್ನಡ ಬರುತ್ತಿತ್ತು. ಇಂದಿನ ಸ್ಮಾರ್ಟ್ ಟಿವಿಗೆ ಅಂಥ ಯಾವ ಕಟ್ಟುಪಾಡೂ ಇಲ್ಲ. ಆನ್ ಮಾಡಿದೊಡನೆ ಕಾಣುವ ಪುಟದಲ್ಲಿ ಏನಿರಬೇಕೆಂದು ನಿರ್ಧರಿಸುವವರು ಟಿವಿ ತಯಾರಕರು, ಹಣ ಕೊಟ್ಟ ವೇದಿಕೆಗಳು. ರಿಮೋಟಿನ ಮೇಲೆ ವಿದೇಶಿ ವೇದಿಕೆಗಳ ಹೆಸರಿನ ಗುಂಡಿಗಳಿವೆ. ಕನ್ನಡಕ್ಕೆ ಹೋಗಲು ಹುಡುಕಬೇಕು, ಹುಡುಕಲು ಅಕ್ಷರ ಒತ್ತಬೇಕು, ಅಥವಾ ಟಿವಿಗೆ ತಿಳಿಯುವ ಉಚ್ಚಾರದಲ್ಲಿ ಹೇಳಬೇಕು.

ಆ ವೇದಿಕೆಗಳು ಕನ್ನಡವನ್ನು ಎಷ್ಟು ಕೊಳ್ಳುತ್ತವೆ ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ರಕ್ಷಿತ್ ಶೆಟ್ಟಿಯಂಥ ಹೆಸರಾಂತ ನಟ ನಿರ್ಮಿಸಿದ ಕನ್ನಡ ವೆಬ್ ಸರಣಿಯನ್ನು ಯಾವ ದೊಡ್ಡ ವೇದಿಕೆಯೂ ಕೈಗೆತ್ತಿಕೊಳ್ಳದೆ, 2024ರ ಜುಲೈನಲ್ಲಿ ಅವರು ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ಅದೇ ವರ್ಷ ಬ್ರಿಟನ್ ಹೊಸ ಮಾಧ್ಯಮ ಕಾಯ್ದೆ ತಂದು, ಸಾರ್ವಜನಿಕ ಪ್ರಸಾರ ಸಂಸ್ಥೆಗಳ ಆ್ಯಪ್‌ಗಳು ಸ್ಮಾರ್ಟ್ ಟಿವಿಯಲ್ಲಿ ಎದ್ದು ಕಾಣಬೇಕು ಎಂದು ವಿಧಿಸಿತು. ವೇಲ್ಸ್ ಭಾಷೆಯ ವಾಹಿನಿ ಎಸ್4ಸಿ ಕೂಡ ಅದರಲ್ಲಿ ಸೇರಿದೆ. 2021ರ ಜನಗಣತಿಯ ಪ್ರಕಾರ ವೇಲ್ಸ್‌ನಲ್ಲಿ ಆ ಭಾಷೆ ಬಲ್ಲವರು ಸುಮಾರು 5 ಲಕ್ಷ 38 ಸಾವಿರ. ಕನ್ನಡ ತಾಯ್ನುಡಿಯಾದವರು 2011ರಲ್ಲೇ ನಾಲ್ಕು ಕೋಟಿ ದಾಟಿದ್ದರು.

ಕೇರಳ ಸರ್ಕಾರ 2024ರ ಮಾರ್ಚ್ 7ರಂದು ಸಿ ಸ್ಪೇಸ್ ಎಂಬ ತನ್ನದೇ ಒಟಿಟಿ ತೆರೆಯಿತು. ಅದಕ್ಕೂ ಮುಂಚೆ, 2023ರ ಜೂನ್‌ನಲ್ಲಿ ಕೆಫೋನ್ ಎಂಬ ಸರ್ಕಾರಿ ಫೈಬರ್ ಜಾಲ ಉದ್ಘಾಟನೆಯಾಗಿತ್ತು. ಆ ಜಾಲದಿಂದ ಮನೆಬಾಗಿಲಿಗೆ ಸಂಪರ್ಕ ಮುಟ್ಟಿಸುವ ಕೆಲಸದಲ್ಲಿ ಊರಿನ ಕೇಬಲ್‌ನವರನ್ನೂ ಜೊತೆಗೆ ಕರೆದುಕೊಂಡಿದ್ದಾರೆ. ಕರ್ನಾಟಕ 2025ರ ಬಜೆಟ್ಟಿನಲ್ಲಿ ಕನ್ನಡ ಚಿತ್ರಗಳಿಗಾಗಿ ಒಟಿಟಿ ವೇದಿಕೆ ರೂಪಿಸುವುದಾಗಿ ಹೇಳಿತು. ಕೇಳಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ಆ್ಯಪ್ ಮಾಡಿ ಬಿಟ್ಟ ಮಾತ್ರಕ್ಕೆ ನನ್ನ ತಾಯಿಯ ಟಿವಿಯಲ್ಲಿ ಅದು ಕಾಣುವುದಿಲ್ಲ. ಯಾರಾದರೂ ಮನೆಗೆ ಬಂದು ಹಾಕಿಕೊಡಬೇಕು, ಕೆಟ್ಟರೆ ಸರಿಪಡಿಸಬೇಕು, ಎಲ್ಲಿ ಒತ್ತಬೇಕೆಂದು ಕನ್ನಡದಲ್ಲಿ ಹೇಳಿಕೊಡಬೇಕು. ಬೆಂಗಳೂರಿನಲ್ಲಿ ಈ ಕೆಲಸ ಬಲ್ಲವರು ಇನ್ನೂ ಇದ್ದಾರೆ. ಹಳೆಯ ಬಡಾವಣೆಗಳಲ್ಲಿ, ವಠಾರಗಳಲ್ಲಿ, ಹೆಗ್ಗನಹಳ್ಳಿ, ಲಗ್ಗೆರೆಯಂಥ ದುಡಿಯುವ ಜನರ ಕಡೆ ಕೆಲವು ನೂರು ಮನೆಗಳ ಸಂಪರ್ಕ ಹಿಡಿದು ಉಸಿರಾಡುತ್ತಿದ್ದಾರೆ. ಸರ್ಕಾರದ ವೇದಿಕೆಯನ್ನು ಮನೆಮನೆಗೆ ಒಯ್ಯುವ ಕೆಲಸ ಅವರದಾಗಲಿ, ಅದಕ್ಕೆ ಕೂಲಿ ಸಿಗಲಿ. ಸೌಹಾರ್ದ ಕಾಯ್ದೆಯಡಿ ಅವರ ಸಹಕಾರಿಯೊಂದು ನೋಂದಣಿಯಾಗಲಿ, ಕೊಳವೆಯ ಬಾಡಿಗೆಯಲ್ಲಿ ಆ ಸಹಕಾರಿಗೆ ರಿಯಾಯಿತಿ ದೊರೆಯಲಿ. ಒಟಿಟಿಯ ರೂಪುರೇಷೆ ಬರೆಯುವ ಸಭೆಗೆ ಚಲನಚಿತ್ರ ವಾಣಿಜ್ಯ ಮಂಡಳಿಯವರನ್ನು ಖಂಡಿತ ಕರೆಯುತ್ತಾರೆ. ಆ ಮೇಜಿನ ಸುತ್ತ ಬಡಾವಣೆಯ ಕೇಬಲ್‌ನವರಿಗೂ ಕುರ್ಚಿ ಹಾಕಬೇಕು, ಅದೂ ಎಲ್ಲ ತೀರ್ಮಾನವಾಗುವ ಮೊದಲೇ.