ಎಲೆ ಕೆತ್ತಿದವನ ಹೆಸರು

ರೋಮ್‌ಗೆ ಬಂದು ನೆಲೆಸಿದ ಮೇಲೆ ಬೋರ್ಗೇಸೆ ಗ್ಯಾಲರಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಟ್ಟಿಲ್ಲ. ಹೋದಾಗಲೆಲ್ಲ ಹೆಚ್ಚು ಹೊತ್ತು ನಿಲ್ಲುವುದು ಇಟಲಿಯ ಶಿಲ್ಪಿ ಬರ್ನಿನಿಯ ‘ಅಪೊಲೊ ಮತ್ತು ಡಾಫ್ನೆ’ಯ ಮುಂದೆ. 1622ರಿಂದ 1625ರ ನಡುವೆ ಕರಾರಾ ಅಮೃತಶಿಲೆಯಲ್ಲಿ ಕಡೆದ ಶಿಲ್ಪವಿದು. ಬೆನ್ನಟ್ಟಿ ಬಂದ ಗ್ರೀಕ್ ಪುರಾಣದ ದೇವ ಅಪೊಲೊನಿಂದ ಪಾರಾಗಲು ಡಾಫ್ನೆ ತನ್ನ ತಂದೆ ನದಿದೇವನಿಗೆ ಮೊರೆಯಿಟ್ಟು ಲಾರೆಲ್ ಮರವಾಗುವ ಗಳಿಗೆ. ಅವಳ ಸೊಂಟ ಬಳಸಿದ ಅಪೊಲೊನ ಕೈಯನ್ನು ಹತ್ತಿರದಿಂದ ನೋಡಬೇಕು. ಅಂಗೈಗೆ ತಾಗಿರುವುದು ಅವಳ ಮೈಯಲ್ಲ, ಆಗಷ್ಟೇ ಮೇಲೆದ್ದ ತೊಗಟೆ. ಕಾಲ್ಬೆರಳುಗಳು ಬೇರಾಗಿ ನೆಲಕ್ಕಿಳಿದಿವೆ. ಕೈಬೆರಳುಗಳ ತುದಿಯಲ್ಲಿ ಎಲೆಗಳು ಒಡೆದಿವೆ, ಬೆಳಕು ಹಾಯುವಷ್ಟು ತೆಳುವಾಗಿ.

ಆ ಎಲೆ, ಆ ಬೇರಿನ ನಯಗೆಲಸ ಬರ್ನಿನಿಯದಲ್ಲ, ಅವನ ಕಾರ್ಯಾಗಾರದಲ್ಲಿದ್ದ ಜೂಲಿಯಾನೊ ಫಿನೆಲ್ಲಿಯದು ಎನ್ನುತ್ತಾರೆ ಕಲಾ ಇತಿಹಾಸಕಾರರು. ಆಗ ಫಿನೆಲ್ಲಿಗೆ ಇಪ್ಪತ್ತು ದಾಟಿತ್ತಷ್ಟೇ. ತಕ್ಕ ಮನ್ನಣೆ ಸಿಗಲಿಲ್ಲವೆಂದು ನೊಂದು ಅವನು ಮುಂದೆ ಆ ಕಾರ್ಯಾಗಾರವನ್ನೇ ಬಿಟ್ಟ.

ಇದನ್ನು ಓದಿದ ದಿನ ನನ್ನ ಮನಸ್ಸು ಬೇಲೂರಿಗೆ ಹೋಯಿತು. ಚೆನ್ನಕೇಶವ ದೇವಾಲಯದ ಮದನಿಕೆಯರ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಬಿರುದುಗಳ ಸಮೇತ ಕೆತ್ತಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ಕಟ್ಟಿಸಿದ ದೊರೆಯ ಹೆಸರಿರುವ ಗುಡಿಯಲ್ಲೇ ಉಳಿ ಹಿಡಿದವನ ಹೆಸರಿಗೂ ಜಾಗವಿತ್ತು. ಹೊಯ್ಸಳರ ಕಾಲದ ಎಲ್ಲ ಕಲ್ಲುಕುಟಿಗರ ಹೆಸರೂ ಉಳಿದಿಲ್ಲ, ನಿಜ. ಆದರೂ ಈ ವಿಷಯದಲ್ಲಿ ನಮ್ಮವರ ರೀತಿಯೇ ಹಿರಿದೆಂದು ನಾನು ದೃಢವಾಗಿ ನಂಬುತ್ತೇನೆ.

ಕಲ್ಪನೆ ಬರ್ನಿನಿಯದು, ಕೆಲಸ ವಹಿಸಿಕೊಂಡವನೂ ಅವನೇ ಎಂದು ಇಲ್ಲಿನ ಗೆಳೆಯರು ವಾದಿಸುತ್ತಾರೆ. ಒಪ್ಪುತ್ತೇನೆ. ಓಡುತ್ತಿರುವ ಎರಡು ದೇಹಗಳನ್ನು ಹಾಗೆ ಗಾಳಿಯಲ್ಲಿ ನಿಲ್ಲಿಸುವುದು ಅವನಿಗಲ್ಲದೆ ಇನ್ನಾರಿಗೂ ಹೊಳೆಯುತ್ತಿರಲಿಲ್ಲವೇನೋ. ಆದರೆ ದಾಸೋಜನ ಕೈಯಲ್ಲಿದ್ದದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದುವಾಗಿದ್ದು ಆಮೇಲೆ ಗಟ್ಟಿಯಾಗುವಂಥದ್ದು. ಫಿನೆಲ್ಲಿಗೆ ಆ ಅನುಕೂಲವಿರಲಿಲ್ಲ. ಅಮೃತಶಿಲೆಯಲ್ಲಿ ಒಂದು ಏಟು ತಪ್ಪಿದ್ದರೂ ಎಲೆ ಮುರಿದು ಬೀಳುತ್ತಿತ್ತು. ಅಂಥವನ ಹೆಸರು ಪುಸ್ತಕದ ಅಡಿಟಿಪ್ಪಣಿಯಲ್ಲಿ ಮಾತ್ರ ಸಿಗುವುದು ನನಗೆ ಸಂಕಟದ ವಿಷಯ.

ಊರಿನಿಂದ ನೆಂಟರು ಬಂದರೆ ಅವರನ್ನು ಈ ಶಿಲ್ಪದ ಬಳಿಗೆ ಕರೆದೊಯ್ಯುತ್ತೇನೆ. ಮೊದಲು ಎಲೆಗಳನ್ನು ತೋರಿಸಿ ಫಿನೆಲ್ಲಿಯ ಹೆಸರು ಹೇಳುತ್ತೇನೆ, ಬರ್ನಿನಿಯ ಮಾತು ಆಮೇಲೆ.