ಸಾಲ ಇದ್ದವನು ಸೇನೆಗೆ ಸೇರಬಹುದು, ಆದರೆ ಚೆಕ್ಕಿನ ವಿಷಯದಲ್ಲಿ ಹುಷಾರ್

ಸಿಬಿಲ್ ಸ್ಕೋರ್ (ಸಾಲ ತೀರಿಸಿದ ದಾಖಲೆಗೆ ಸಿಗುವ ಅಂಕ) ಬಿದ್ದಿದೆ, ಇನ್ನು ಅಗ್ನಿವೀರ್ (ನಾಲ್ಕು ವರ್ಷದ ಅವಧಿಗೆ ಸೇರುವ ಸೈನಿಕ) ಆಗೋಕಾಗಲ್ಲ ಅಂತ ಕಾರವಾರ, ಅಂಕೋಲೆ ಕಡೆಯ ಹುಡುಗರು ಓಟದ ಅಭ್ಯಾಸ ಬಿಡಬೇಡಿ. ಸಾಲ ತೀರಿಸಿದ ದಾಖಲೆ ನೋಡುವುದು ಬ್ಯಾಂಕ್ ನೌಕರಿಗೆ. ಸೈನ್ಯದ ಭರ್ತಿಯಲ್ಲಿ ನೋಡುವುದು ವಯಸ್ಸು, ಓದು, ಮೈಕಟ್ಟು, ಆರೋಗ್ಯ, ನಡತೆ.

ಅಪಾಯ ಇರುವುದು ಬೇರೆ ಕಡೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆ 61 ದಿನ ಮನೆಗೆ ಆದಾಯವಿಲ್ಲ, ಕಂತು ಮಾತ್ರ ತಪ್ಪುವುದಿಲ್ಲ. ಉದಾಹರಣೆಗೆ, ಕಂತು ಕಟ್ಟಬೇಕಾದ ಐದನೇ ತಾರೀಕು ಖಾತೆಯಲ್ಲಿ 180 ರೂಪಾಯಿ, ಕಂತು 2,644. ಭದ್ರತೆಗೆಂದು ಸಹಿ ಹಾಕಿ ಕೊಟ್ಟ ಖಾಲಿ ಚೆಕ್ಕನ್ನು ಫೈನಾನ್ಸಿನವರು ಬ್ಯಾಂಕಿಗೆ ಹಾಕಿದರೆ ಬೌನ್ಸ್. ಬೌನ್ಸ್ ಆದದ್ದು ತಿಳಿದ 30 ದಿನದೊಳಗೆ ಅವರು ನೋಟಿಸ್ ಕಳಿಸಬೇಕು. ಅದು ಕೈಗೆ ಬಂದ ಮೇಲೆ ಹಣ ಕಟ್ಟಲು ನಿಮಗೆ 15 ದಿನ. ಆ 15 ದಿನ ಬಂಗಾರದಂಥವು, ಕಳೆದುಕೊಳ್ಳಬೇಡಿ. ದಾಟಿದರೆ ಚೆಕ್ಕುಗಳ ಕಾನೂನಾದ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138ರಡಿ ಮ್ಯಾಜಿಸ್ಟ್ರೇಟ್ ಮುಂದೆ ದೂರು ಹೋಗಬಹುದು. ಎರಡು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದಾದ ಅಪರಾಧ ಅದು. ಖಾತೆಯಿಂದ ತಾನಾಗಿ ಕಡಿತವಾಗುವ ಕಂತು ಬೌನ್ಸ್ ಆದರೂ 2007ರ ಪೇಮೆಂಟ್ ಕಾಯ್ದೆಯ ಸೆಕ್ಷನ್ 25ರಡಿ ಇಷ್ಟೇ ಶಿಕ್ಷೆ.

ಸೇನೆಗೆ ದಾಖಲಾಗುವಾಗ ತುಂಬುವ ನಮೂನೆಯಲ್ಲಿ, ನಿಮ್ಮ ಮೇಲೆ ಮ್ಯಾಜಿಸ್ಟ್ರೇಟರಿಗೋ ಪೊಲೀಸರಿಗೋ ದೂರು ಹೋಗಿದೆಯೇ ಎಂಬ ಪ್ರಶ್ನೆ ಇದೆ. ಇದ್ದದ್ದನ್ನು ಮುಚ್ಚಿಟ್ಟು 'ಇಲ್ಲ' ಎಂದು ಬರೆದರೆ ಸೇನಾ ಕಾಯ್ದೆಯ ಸೆಕ್ಷನ್ 44ರಡಿ ಐದು ವರ್ಷದವರೆಗೆ ಶಿಕ್ಷೆ. ಸಾಲಕ್ಕಿಂತ ಆ ಸುಳ್ಳೇ ಹುಡುಗರನ್ನು ಮುಳುಗಿಸುವುದು.

ಅಪ್ಪನ ಸಾಲಕ್ಕೆ ಮಗ ಜಾಮೀನು ಹಾಕುವುದು ನಮ್ಮ ಕಡೆ ಮಾಮೂಲು. ಜಾಮೀನು ಬೇಕಾದರೆ ಹಾಕಿ, ಆದರೆ ನಿಮ್ಮ ಹೆಸರಿನ ಚೆಕ್ ಕೊಡಬೇಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನಂತೂ ಯಾರ ಬಳಿಯೂ ಒತ್ತೆ ಇಡಬೇಡಿ. ರ‍್ಯಾಲಿಯಲ್ಲಿ ಮೂಲ ದಾಖಲೆಯೇ ಬೇಕು, ಜೆರಾಕ್ಸ್ ನಡೆಯುವುದಿಲ್ಲ. ಸಾಲ ತೀರಿದ ದಿನವೇ ಚೆಕ್ ವಾಪಸ್ ಪಡೆದು, ಬಾಕಿ ಇಲ್ಲ ಎಂಬ ಪತ್ರ ಬರೆಸಿಕೊಳ್ಳಿ.

ಸೇರಿದ ಮೇಲೆ ಕಾನೂನು ನಿಮ್ಮ ಪರ ಇದೆ. ಸೇನಾ ಕಾಯ್ದೆ 1950ರ ಸೆಕ್ಷನ್ 28ರ ಪ್ರಕಾರ ಸಿವಿಲ್ ಕೋರ್ಟ್ ಸೈನಿಕನ ಸಂಬಳ ಜಪ್ತಿ ಮಾಡುವಂತಿಲ್ಲ. ಸೆಕ್ಷನ್ 29ರ ಪ್ರಕಾರ ಸಾಲಕ್ಕಾಗಿ ಬಂಧಿಸುವಂತಿಲ್ಲ. ಚೆಕ್ ಬೌನ್ಸ್ ಕ್ರಿಮಿನಲ್ ಪ್ರಕರಣವಾದ್ದರಿಂದ ಅದಕ್ಕೆ ಈ ರಕ್ಷಣೆ ಸಿಗದು. ನೀವೇ ಒಪ್ಪಿ ಸಹಿ ಹಾಕಿದ ಖಾತೆ ಕಡಿತವೂ ನಿಲ್ಲುವುದಿಲ್ಲ.

ಲೆಕ್ಕವನ್ನೂ ಮೊದಲೇ ಹಾಕಿ. ಅಗ್ನಿವೀರನಿಗೆ ಮೊದಲ ವರ್ಷ ತಿಂಗಳಿಗೆ 30,000 ಎಂದರೂ ಕೈಗೆ ಬರುವುದು 21,000; ಉಳಿದ 9,000 ಸೇವಾ ನಿಧಿಗೆ. ಸರ್ಕಾರದ ಪಾಲೂ ಸೇರಿ ಸುಮಾರು ಹತ್ತು ಲಕ್ಷದ ಆ ನಿಧಿ ಸಿಗುವುದು ನಾಲ್ಕು ವರ್ಷ ಮುಗಿದ ಮೇಲೆ. ನಡುವೆ ತಾನಾಗಿ ಬಿಟ್ಟು ಬಂದರೆ ಸರ್ಕಾರದ ಪಾಲಿಲ್ಲ. ಹಾಗಾಗಿ ಕಂತು ಕಟ್ಟುವುದನ್ನು 21,000ದ ಮೇಲೆ ಲೆಕ್ಕ ಹಾಕಿ, ಆ ಹತ್ತು ಲಕ್ಷದ ಮೇಲಲ್ಲ. ಭರ್ತಿ ಮಾಡಿಸುತ್ತೇನೆ ಎಂದು ಲಕ್ಷಗಟ್ಟಲೆ ಕೇಳುವ ದಲ್ಲಾಳಿ ಬಾಗಿಲಿಗೆ ಬಂದರೆ ಅವನಿಗಾಗಿ ಸಾಲ ಮಾಡಬೇಡಿ; ಮೆರಿಟ್ ಪಟ್ಟಿಯಲ್ಲಿ ಅವನ ಕೈಯಿಲ್ಲ.